ಹುಡುಕುವವರ ಮಾತು

ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಸಾಗುವ ದಾರಿಯಲ್ಲಿ ಮಾವಿನ ತೋಪುಗಳಿಗೆ ಕೊರತೆಯಿಲ್ಲ. ಮೇ ತಿಂಗಳ ನಡುವಿನಿಂದ ಜುಲೈವರೆಗೆ ಆ ದಾರಿಯಲ್ಲಿ ಹೋದವರಿಗೆ ಹಣ್ಣು ಎಲ್ಲಿದೆಯೆಂದು ಯಾರೂ ತಿಳಿಸಬೇಕಾಗಿಲ್ಲ, ಮೂಗೇ ತಿಳಿಸುತ್ತದೆ. ಆದರೆ ಮಲ್ಲೇಶ್ವರದಲ್ಲಿಯೋ ಮಾಟುಂಗದಲ್ಲಿಯೋ ಕುಳಿತು, ಕೈಯಲ್ಲಿನ ಫೋನಿನಲ್ಲಿ ಹಣ್ಣನ್ನು ಹುಡುಕುವವರಿಗೆ ಈ ಪರಿಮಳ ತಲಪುವುದಿಲ್ಲ. ಅವರಿಗೂ ತೋಪಿಗೂ ನಡುವೆ ಸೇತುವೆಯಾಗಿರುವುದು ಮಾತೊಂದೇ. ಆ ಮಾತನ್ನು ಆರಿಸಿಕೊಳ್ಳುವ ಬಗೆ ಹೇಗೆಂಬುದು ನನ್ನ ಇಂದಿನ ವಿಷಯ.

ಶ್ರೀನಿವಾಸಪುರದ ಸಮೀಪದಲ್ಲಿ ನಾಲ್ಕು ಎಕರೆ ತೋಪಿರುವ ಹಳೆಯ ಸ್ನೇಹಿತರೊಬ್ಬರು ನನಗಿದ್ದಾರೆ. ಮರ ಹೂ ಬಿಟ್ಟಾಗಲೇ ತೋಪನ್ನು ಗುತ್ತಿಗೆಗೆ ಕೊಟ್ಟು, ಕೈಗೆ ಬಂದಷ್ಟು ಹಣವನ್ನು ತೆಗೆದುಕೊಳ್ಳುವುದು ಅವರ ರೂಢಿ. ಓದಿಕೊಂಡ ಮಗ, ಹಣ್ಣನ್ನು ತಿನ್ನುವವರಿಗೆ ತಾವೇ ನೇರವಾಗಿ ಮಾರೋಣವೆಂದು ಹಟ ಹಿಡಿದು ಒಂದು ಜಾಲತಾಣವನ್ನು ಮಾಡಿಸಿದ. ಎರಡು ಹಂಗಾಮು ಕಳೆದರೂ ಒಬ್ಬರೂ ಆ ತಾಣವನ್ನು ಕಂಡು ಕೇಳಿಕೊಂಡು ಬರಲಿಲ್ಲ. ಸಾಲ ಬೆಳೆಯಿತು, ತೋಪನ್ನೇ ಮಾರಿಬಿಡುವ ಮಾತು ಮನೆಯಲ್ಲಿ ಹುಟ್ಟಿತು. ಆಗ ತಂದೆಮಕ್ಕಳಿಬ್ಬರೂ ನನ್ನ ಬಳಿಗೆ ಬಂದರು. ಯಂತ್ರದ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೆ ತೊಡಕು ಯಂತ್ರದ್ದಲ್ಲ, ಭಾಷೆಯದು ಎಂಬುದು ಆ ಪುಟವನ್ನು ಓದಿದೊಡನೆ ಹೊಳೆಯಿತು.

ಪುಟದ ನೆತ್ತಿಯ ಮೇಲೆ 'ವಿಶ್ವದರ್ಜೆಯ ಅತ್ಯುತ್ಕೃಷ್ಟ ಫಲೋತ್ಪನ್ನಗಳು' ಎಂದಿತ್ತು. ಮಾವು ಎಂಬ ಮಾತು ಇದ್ದುದು ಒಂದು ಚಿತ್ರದೊಳಗೆ ಮಾತ್ರ; ಶ್ರೀನಿವಾಸಪುರದ ಹೆಸರು ಎಲ್ಲಿಯೂ ಇರಲಿಲ್ಲ. ಪುಟದ ತಳದಲ್ಲಿ, ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ, ಓದುವವರ ಕಣ್ಣಿಗೆ ಬೀಳದಂತೆ, 'ಮ್ಯಾಂಗೊ' ಎಂಬ ಶಬ್ದವನ್ನು ನೂರಾರು ಬಾರಿ ತುರುಕಿದ್ದರು. ಮಾಡಿಕೊಟ್ಟವರು ಇದನ್ನೇ ಗುಟ್ಟಿನ ವಿದ್ಯೆಯೆಂದು ಹೇಳಿದ್ದರಂತೆ.

ಶೋಧಕಯಂತ್ರವೆಂಬುದು ಏನು ಮಾಡುತ್ತದೆ? 1905ರಲ್ಲಿ ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೆಯ ಸಂಪುಟವಾಗಿ ಪ್ರಕಟಿಸಿದರು. ಬಯಲಿನಲ್ಲಿ, ಗುಡಿಯ ಗೋಡೆಯಲ್ಲಿ, ಕೆರೆಯ ಏರಿಯ ಮೇಲೆ ಚದರಿದ್ದ ಕಲ್ಲುಗಳಿಗೆ ತಾಲ್ಲೂಕುವಾರು ಅಂಕಿ ಬಿದ್ದಿತು. ಇಂದಿಗೂ ವಿದ್ವಾಂಸರು ಮುಳಬಾಗಿಲಿನ ಇಷ್ಟನೆಯ ಶಾಸನ, ಮಾಲೂರಿನ ಅಷ್ಟನೆಯ ಶಾಸನ ಎಂದೇ ಅವುಗಳನ್ನು ಗುರುತಿಸುತ್ತಾರೆ. ಶೋಧಕಯಂತ್ರದ ಕೆಲಸವೂ ಇದೇ ಜಾತಿಯದು. ಅದು ಪುಟದಿಂದ ಪುಟಕ್ಕೆ ಅಲೆದು, ಯಾವ ಶಬ್ದ ಎಲ್ಲೆಲ್ಲಿದೆಯೆಂಬ ಮಹಾ ಪದಸೂಚಿಯೊಂದನ್ನು ಕಟ್ಟಿಕೊಂಡಿರುತ್ತದೆ. ನಾವು ಕೇಳಿದಾಗ ಅದು ನೋಡುವುದು ಲೋಕವನ್ನಲ್ಲ, ತನ್ನ ಸೂಚಿಯನ್ನು. ಸೂಚಿಯಲ್ಲಿ ದೊರೆತ ಸಾವಿರ ಪುಟಗಳಲ್ಲಿ ಯಾವುದು ಮೊದಲು ಎಂಬುದನ್ನು ಬೇರೆ ಲಕ್ಷಣಗಳಿಂದ ತೀರ್ಮಾನಿಸುತ್ತದೆ. 1998ರಲ್ಲಿ ಸ್ಥಾಪಿತವಾದ ಗೂಗಲ್ ಸಂಸ್ಥೆಯ ಏಳಿಗೆಗೆ ಕಾರಣವಾದದ್ದು, ಒಂದು ಪುಟವನ್ನು ಉಳಿದ ಪುಟಗಳು ಎಷ್ಟು ಉಲ್ಲೇಖಿಸುತ್ತವೆ, ಉಲ್ಲೇಖಿಸುವವುಗಳ ಯೋಗ್ಯತೆ ಎಂಥದು ಎಂಬ ಗಣನೆ. ಸಭೆಯಲ್ಲಿ ತನ್ನನ್ನು ತಾನೇ ಹೊಗಳಿಕೊಂಡವನಿಗಿಂತ ನಾಲ್ವರು ಹಿರಿಯರು ಹೆಸರಿಸಿದವನಿಗೆ ಮನ್ನಣೆ ಹೆಚ್ಚಲ್ಲವೆ?

ಮೊದಮೊದಲು ಪುಟದ ಒಳಮೈಯಲ್ಲಿ ಕೀಲಿಪದಗಳ ಪಟ್ಟಿಯೊಂದನ್ನು ಅಡಗಿಸಿಡುವ ಪದ್ಧತಿಯಿತ್ತು. ಜನ ಅದರಲ್ಲಿ ಇಲ್ಲಸಲ್ಲದ್ದನ್ನೆಲ್ಲ ತುಂಬಿದರು. ಸ್ಥಾನ ನಿರ್ಣಯಕ್ಕೆ ಆ ಪಟ್ಟಿಯನ್ನು ತಾನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿ ಬಹಿರಂಗವಾಗಿಯೇ ಸಾರಿತು. ಕಾಣದಂತೆ ಬರೆದ ಅಕ್ಷರಗಳಿಗೂ, ಒಂದೇ ಶಬ್ದದ ಜಪಕ್ಕೂ ಈಗ ಫಲವಿಲ್ಲ. ದಂಡ ಮಾತ್ರ ಉಂಟು. ಆದುದರಿಂದ ಕೀಲಿಪದವನ್ನು ಆರಿಸುವುದೆಂದರೆ ಯಂತ್ರವನ್ನು ಮೋಸಗೊಳಿಸುವುದಲ್ಲ. ಹುಡುಕುವವರ ನಾಲಗೆಯಲ್ಲಿರುವ ಮಾತನ್ನು ಅರಿತು, ಅದನ್ನು ನಮ್ಮ ಪುಟದಲ್ಲಿ ನೇರವಾಗಿ ನುಡಿಯುವುದು.

ಇದು ಕೇಳಿದಷ್ಟು ಸುಲಭವಲ್ಲ. ನಮ್ಮ ಕಡೆಯ ಶ್ರೇಷ್ಠ ಹಣ್ಣು ಬಾದಾಮಿ. 'ಬಾದಾಮಿ' ಎಂದಷ್ಟೇ ಹುಡುಕಿದರೆ ಚಾಲುಕ್ಯರ ಗುಹಾಲಯಗಳು ಬಂದಾವು, ಪಾಯಸಕ್ಕೆ ಹಾಕುವ ಬೀಜವೂ ಬಂದೀತು. ಇಂಗ್ಲಿಷ್ ಅಕ್ಷರಗಳಲ್ಲಿ 'ಕೋಲಾರ' ಎಂದು ಬರೆದರೆ ಭೋಪಾಲದ ಬಳಿಯ ಅಣೆಕಟ್ಟೂ ಎದ್ದು ಬರುತ್ತದೆ. 'ಕೆ.ಜಿ.ಎಫ್.' ಎಂದರೆ 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಿಂತ ಮೊದಲು 2018ರ ಚಲನಚಿತ್ರ ಮುಖ ತೋರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ, ಕನ್ನಡಿಗರಿಗೆ ವೆಂಕಟೇಶ ಅಯ್ಯಂಗಾರ್ಯರ ಪೂಜ್ಯ ನೆನಪು. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರೆ ಹಿಂದಿಯ ಮೋಜುಮಸ್ತಿ ಎದುರಾಗುತ್ತದೆ. ಒಂಟಿ ಪದ ಊರ ಬಾಗಿಲಿನಂತೆ. ಎಲ್ಲರೂ ಅದರಲ್ಲಿ ನುಗ್ಗುತ್ತಾರೆ. 'ಶ್ರೀನಿವಾಸಪುರದ ಬಾದಾಮಿ ಮಾವಿನ ಹಣ್ಣು' ಎಂಬ ನಾಲ್ಕು ಮಾತಿನ ಗುಚ್ಛವನ್ನು ಹುಡುಕುವವರು ಕೆಲವರೇ ಇರಬಹುದು. ಆದರೆ ಅವರು ಕೈಯಲ್ಲಿ ಚೀಲ ಹಿಡಿದು ಹೊರಟವರು.

ಇನ್ನು ಒಂದೇ ವಸ್ತುವಿಗೆ ಹಲವು ಹೆಸರು. ನಮ್ಮವರು ಗಿಣಿಮೂತಿ ಎನ್ನುವ ಹಣ್ಣು ವ್ಯಾಪಾರಿಗೆ ತೋತಾಪುರಿ, ತಮಿಳರಿಗೆ ಕಿಳಿಮೂಕು, ತೆಲುಗರಲ್ಲಿ ಹಲವರಿಗೆ ಕಲೆಕ್ಟರ್. ಮೂರು ಭಾಷೆಗಳು ಕೂಡುವ ಈ ಗಡಿನಾಡಿನಲ್ಲಿ ಒಂದೇ ಹೆಸರನ್ನು ಹಿಡಿದು ಕೂತರೆ ಉಳಿದ ಬಾಗಿಲುಗಳು ಮುಚ್ಚಿದಂತೆಯೇ. ಊರಿನ ಹೆಸರಿನ ಬರವಣಿಗೆಯೂ ಒಂದೇ ಬಗೆಯಲ್ಲ. ಮೂಡಲ ಬಾಗಿಲಾದ ಮುಳಬಾಗಿಲು ಇಂಗ್ಲಿಷಿನಲ್ಲಿ ಮುಲ್ಬಾಗಲ್ ಆಗಿದೆ. ಮುಳಬಾಗಿಲು ದೋಸೆಯನ್ನು ಹುಡುಕಿ ಹೊರಟವರು ಎರಡರಲ್ಲಿ ಯಾವುದನ್ನಾದರೂ ಬರೆದಾರು. ಕನ್ನಡದ ವಿಭಕ್ತಿಗಳ ತೊಡಕು ಬೇರೆ: ಮಾವು, ಮಾವಿನ, ಮಾವಿಗೆ ಎಂಬ ರೂಪಗಳನ್ನೆಲ್ಲ ಯಂತ್ರ ಒಂದೇ ಎಂದು ತಿಳಿದೀತೆಂಬ ಭರವಸೆ ಸಲ್ಲದು. ಹಾಗೆಂದು ಪಟ್ಟಿ ಮಾಡಿ ಸುರಿಯಬೇಕಾಗಿಲ್ಲ. ಬರಹ ಸಹಜವಾಗಿ ಹರಿದರೆ ಈ ರೂಪಗಳೆಲ್ಲ ತಾವಾಗಿಯೇ ಅದರಲ್ಲಿ ಬಂದು ಸೇರುತ್ತವೆ.

ಹಾಗಾದರೆ ಹುಡುಕುವವರ ಮಾತನ್ನು ಅರಿಯುವ ದಾರಿ ಯಾವುದು? ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: 'ಒಂದು ನೋಟುಪುಸ್ತಕ ಇಟ್ಟುಕೋ. ಬಂಧುಗಳು, ಗುರುತಿನವರು, ದಾರಿಹೋಕರು ಹಣ್ಣಿನ ವಿಷಯವಾಗಿ ಏನು ಕೇಳಿದರೂ, ಅವರು ಕೇಳಿದ ಮಾತಿನಲ್ಲಿಯೇ ಬರೆದಿಡು. ತಿದ್ದಬೇಡ.' ಒಂದು ತಿಂಗಳಲ್ಲಿ ಪುಸ್ತಕದ ಮುಕ್ಕಾಲು ತುಂಬಿತು. 'ಔಷಧಿ ಹಾಕಿ ಮಾಗಿಸಿದ್ದೋ, ಹುಲ್ಲಿನಲ್ಲಿ ಮಾಗಿಸಿದ್ದೋ?' 'ಉಪ್ಪಿನಕಾಯಿಗೆ ಗಿಣಿಮೂತಿ ಸಿಕ್ಕುತ್ತದೆಯೆ?' 'ಬೆಂಗಳೂರಿಗೆ ಮನೆಗೇ ಕಳಿಸುತ್ತೀರಾ?' 'ರಸಪುರಿ ಯಾವಾಗ ಬರುತ್ತದೆ?' ವಿಶ್ವದರ್ಜೆಯ ಫಲೋತ್ಪನ್ನ ಬೇಕೆಂದು ಒಬ್ಬರೂ ಕೇಳಿರಲಿಲ್ಲ! ಬಳಿಕ ಶೋಧಕದ ಪೆಟ್ಟಿಗೆಯಲ್ಲಿ ಎರಡು ಮಾತು ಬರೆದು ನಿಲ್ಲಿಸಿ, ಅದು ತಾನಾಗಿ ಮುಂದಕ್ಕೆ ಸೂಚಿಸುವ ಮಾತುಗಳನ್ನು ಪುಸ್ತಕದೊಡನೆ ಹೋಲಿಸಿದೆವು. ಆ ಸೂಚನೆಗಳು ಹಿಂದೆ ಹುಡುಕಿದವರ ಮಾತಿನ ನೆರಳು.

ಹೀಗೆ ಆರಿಸಿದ ಮಾತುಗಳನ್ನು ಪುಟದ ಹೆಸರಿನಲ್ಲಿ, ತಲೆಬರಹದಲ್ಲಿ, ಮೊದಲ ವಾಕ್ಯಗಳಲ್ಲಿ, ಚಿತ್ರಗಳ ವಿವರಣೆಯಲ್ಲಿ ಇಟ್ಟನು. ಒಂದೊಂದು ತಳಿಗೆ ಒಂದೊಂದು ಪುಟವಾಯಿತು. ಚಿತ್ರದೊಳಗಿದ್ದ ಕನ್ನಡವನ್ನು ಹೊರತೆಗೆದು, ಯಂತ್ರ ಓದಬಲ್ಲ ಯೂನಿಕೋಡ್ ಅಕ್ಷರಗಳಲ್ಲಿ ಬರೆದನು. ಹಂಗಾಮಿಗೆ ಮೂರು ತಿಂಗಳು ಮೊದಲೇ ಇದೆಲ್ಲ ನಡೆಯಿತು. ಏಕೆಂದರೆ ಯಂತ್ರ ಬಂದು ಓದಿ ಸೂಚಿಗೆ ಸೇರಿಸಿಕೊಳ್ಳುವುದಕ್ಕೂ ಕಾಲ ಬೇಕು.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ ಒದಗಿತು. ನಮ್ಮ ಬಾದಾಮಿಯೇ ಮುಂಬಯಿಯವರ ಹಾಪೂಸು, ಇಂಗ್ಲಿಷಿನ ಅಲ್ಫಾನ್ಸೊ. ಅಲ್ಲಿಯ ಜನ ಹುಡುಕುವಾಗ ಅದರ ಹಿಂದೆ ರತ್ನಾಗಿರಿಯ ಹೆಸರನ್ನು ಸೇರಿಸುತ್ತಾರೆ. 'ರತ್ನಾಗಿರಿ ಎಂಬ ಒಂದು ಮಾತು ಸೇರಿಸಿದರೆ ನೋಡುವವರು ಹತ್ತರಷ್ಟಾಗುತ್ತಾರೆ' ಎಂದ ಮಗ. ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಮ್ಮ ಗಿಡಕ್ಕೆ ಇನ್ನೊಂದು ಊರಿನ ಹೆಸರು ಯಾಕಪ್ಪ?' ಎಂದರು. 'ಮಾಲೂರಿನವರು ಮಂಗಳೂರು ಹೆಂಚು ಅಂತ ಮಾರೋದಿಲ್ವೆ?' ಎಂದು ಮಗ ವಾದ ಹೂಡಿದ.

ಪ್ರಶ್ನೆ ಯೋಗ್ಯವಾದದ್ದೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆಗೆದ ಕಾರ್ಖಾನೆಯಿಂದ ಹರಡಿದ ಆ ಹೆಂಚಿಗೆ ಮಂಗಳೂರು ಎಂಬುದು ಇಂದು ಮಾದರಿಯ ಹೆಸರು. ಮಣ್ಣು ಯಾವ ಊರಿನದೆಂದು ಅದು ಹೇಳುವುದಿಲ್ಲ. 'ಮಂಗಳೂರು ಮಾದರಿಯ ಹೆಂಚು, ಮಾಲೂರಿನಲ್ಲಿ ತಯಾರಾದದ್ದು' ಎಂದರೆ ಹುಡುಕುವವನಿಗೆ ಅವನ ಮಾತೂ ದೊರೆಯಿತು, ನಿಜವೂ ದೊರೆಯಿತು. ಮಾವಿನ ಮಾತು ಹಾಗಲ್ಲ. ರತ್ನಾಗಿರಿ, ಸಿಂಧುದುರ್ಗ ಮೊದಲಾದ ಕೊಂಕಣದ ಜಿಲ್ಲೆಗಳ ಅಲ್ಫಾನ್ಸೊ ಹಣ್ಣಿಗೆ 2018ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಅಲ್ಲಿ ಊರಿನ ಹೆಸರೇ ಹಣ್ಣಿನ ಹುಟ್ಟಿನ ಸಾಕ್ಷಿ. ಅದನ್ನು ಎರವಲು ಪಡೆಯುವುದು ಸುಳ್ಳು. 'ಶ್ರೀನಿವಾಸಪುರದ ಬಾದಾಮಿ, ಹಾಪೂಸು ಎಂದು ಕರೆಯುವುದೂ ಈ ತಳಿಯನ್ನೇ' ಎಂದು ಬರೆಯೋಣವೆಂದು ಮೂವರೂ ಒಪ್ಪಿದೆವು.

ಆ ವರ್ಷ ಪವಾಡವೇನೂ ನಡೆಯಲಿಲ್ಲ. ತೋಪಿನ ಅರ್ಧವನ್ನು ಗುತ್ತಿಗೆಗೇ ಕೊಟ್ಟರು. ಉಳಿದರ್ಧದ ಹಣ್ಣು ಪೆಟ್ಟಿಗೆ ಪೆಟ್ಟಿಗೆಯಾಗಿ ಹೆಸರಿಟ್ಟು ಕೇಳಿದವರ ಮನೆಗೆ ಹೋಯಿತು. ತೋಪನ್ನು ಮಾರುವ ಮಾತು ನಿಂತಿತು. ಮೊದಲ ಕರೆ ಬಂದದ್ದು ಉಪ್ಪಿನಕಾಯಿಗೆ ಗಿಣಿಮೂತಿ ಬೇಕೆಂದ ಹೆಂಗಸೊಬ್ಬರಿಂದ. ನೋಟುಪುಸ್ತಕದಲ್ಲಿದ್ದ ಮಾತನ್ನೇ ಅವರೂ ಬರೆದು ಹುಡುಕಿದ್ದರಂತೆ.

ಕೋಲಾರದ ಹಳೆಯ ಹೆಸರು ಕುವಳಾಲ. ಗಂಗ ಅರಸರು ರಾಜಧಾನಿಯನ್ನು ದೂರದ ತಲಕಾಡಿಗೆ ಒಯ್ದ ಮೇಲೂ ಕುವಳಾಲಪುರವರೇಶ್ವರರೆಂಬ ಬಿರುದನ್ನು ಬಿಡಲಿಲ್ಲ. ತಾವು ಎಲ್ಲಿಯವರೆಂಬುದನ್ನು ಲೋಕ ಆ ಒಂದು ಮಾತಿನಿಂದ ಗುರುತಿಸಲೆಂಬುದು ಅವರ ಇಚ್ಛೆಯಾಗಿದ್ದಿರಬೇಕು. ಈಚೆಗೆ ಶೋಧಕಯಂತ್ರಗಳು ಕೃತಕ ಬುದ್ಧಿಯ ನೆರವಿನಿಂದ ತಾವೇ ಉತ್ತರವನ್ನು ರಚಿಸಿಕೊಡುತ್ತಿವೆ. ನಾಳೆ ಇನ್ನಾವ ರೂಪ ತಾಳುವುವೋ. ಆದರೂ ಕೇಳುವವನು ಮನುಷ್ಯನಾಗಿರುವವರೆಗೆ, ಅವನ ಮಾತಿಗೆ ಕಿವಿಗೊಟ್ಟು, ನಮ್ಮ ಊರಿನ ಹೆಸರಿನಲ್ಲಿ ನಿಜವಾದ ಉತ್ತರ ಕೊಡುವುದೇ ಕಾಣಿಸಿಕೊಳ್ಳುವ ದಾರಿ.