ವಿದ್ಯಾರ್ಥಿಜೀವನದಲ್ಲಿ ನಿದ್ರೆಯ ಸ್ಥಾನ

 

ಮಠಗಳು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ನೀಡುತ್ತ ಬಂದಿರುವುದು ನಾಡಿಗೆಲ್ಲ ತಿಳಿದ ಸಂಗತಿಯು. ವಿದ್ಯಾರ್ಥಿಗೆ ಬೇಕಾದ ನಾಲ್ಕನೆಯದೊಂದುಂಟು. ಅದನ್ನು ದಾನವಾಗಿ ಕೊಡಲು ಯಾರಿಂದಲೂ ಆಗದು. ಅದೇ ನಿದ್ರೆ. ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಉಪಸ್ತಂಭಗಳೆಂದು ಎಣಿಸಿರುವುದು.

ಆದರೆ ಕಾಲೇಜಿನ ತರುಣರಲ್ಲಿ ಅನೇಕರು ನಿದ್ರೆಯನ್ನು ವ್ಯರ್ಥಕಾಲವೆಂದು ಬಗೆಯುವರು. ಪರೀಕ್ಷೆ ಸಮೀಪಿಸಿದರೆ ನಡುರಾತ್ರಿಯವರೆಗೆ ಪುಸ್ತಕ. ಉಳಿದ ದಿನಗಳಲ್ಲಿ ಅಷ್ಟೇ ಹೊತ್ತಿನವರೆಗೆ ಮೊಬೈಲು. ಇದರ ಫಲವನ್ನು ಮರುದಿನ ಕಾಣಬಹುದು. ತರಗತಿಯಲ್ಲಿ ತೂಕಡಿಕೆ, ಗೆಳೆಯರ ಸಣ್ಣ ಮಾತಿಗೂ ಸಿಡುಕು, ಓದಿದುದರ ಮರೆವು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಕುಳಿತವನ ಕಣ್ಣು ಮುಚ್ಚುವುದು ಧ್ಯಾನದಿಂದಲ್ಲ, ಆಯಾಸದಿಂದ.

ನಿದ್ದೆಗೆಟ್ಟು ಓದಿದುದು ಲಾಭವೇ? 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ವಿದ್ವಾಂಸರು ಇಬ್ಬರು ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಅರ್ಥವಿಲ್ಲದ ಹತ್ತು ಅಕ್ಷರಪುಂಜಗಳನ್ನು ಬಾಯಿಪಾಠ ಮಾಡಿಸಿ, ಕೆಲವೊಮ್ಮೆ ನಿದ್ರೆಯ ಬಳಿಕ, ಕೆಲವೊಮ್ಮೆ ಎಚ್ಚರವಾಗಿ ಕಳೆದ ಹೊತ್ತಿನ ಬಳಿಕ ಕೇಳಿದರು. ಎಂಟು ಗಂಟೆ ನಿದ್ರಿಸಿದ ಮೇಲೆ ಸುಮಾರು ಅರ್ಧದಷ್ಟು ನೆನಪಿನಲ್ಲಿತ್ತು. ಎಂಟು ಗಂಟೆ ಎಚ್ಚರವಿದ್ದ ಮೇಲೆ ಹತ್ತರಲ್ಲೊಂದು ಮಾತ್ರ ಉಳಿದಿತ್ತು. ಇಬ್ಬರಲ್ಲಿ ನಡೆದ ಸಣ್ಣ ಪರೀಕ್ಷೆಯೇ ಆದರೂ ಮುಂದಿನ ಸಂಶೋಧನೆಗಳು ಅದೇ ದಿಕ್ಕನ್ನು ತೋರಿದವು. ಹಗಲು ಕಲಿತುದನ್ನು ಮಿದುಳು ಭದ್ರಪಡಿಸಿಕೊಳ್ಳುವುದು ನಿದ್ರೆಯಲ್ಲಿ. ಆದುದರಿಂದ ನಿದ್ರೆಯು ಓದಿನ ಶತ್ರುವಲ್ಲ; ಓದಿನ ಉತ್ತರಾರ್ಧವು.

ಹಿರಿಯರೂ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಹರೆಯದಲ್ಲಿ ದೇಹದೊಳಗಿನ ಗಡಿಯಾರವು ಸಹಜವಾಗಿಯೇ ಹಿಂದೆ ಬೀಳುವುದು. ನಿದ್ರೆ ತಡವಾಗಿ ಹತ್ತುವುದು, ಎಚ್ಚರವೂ ತಡವಾಗುವುದು. ಇದನ್ನೆಲ್ಲ ಸೋಮಾರಿತನವೆಂದು ಜರೆಯುವುದು ನ್ಯಾಯವಲ್ಲ. ಆದರೆ ಇರುಳಿನ ಬೆಳಕು ಆ ಗಡಿಯಾರವನ್ನು ಇನ್ನೂ ಹಿಂದೂಡುವುದು. ಮುಂಜಾನೆಯ ಬೆಳಕು ಮುಂದಕ್ಕೆ ತರುವುದು. ಇದು ತರುಣರ ಕೈಯಲ್ಲಿರುವ ಉಪಾಯವು.

ಹದಿನೆಂಟರಿಂದ ಇಪ್ಪತ್ತೈದು ವಯಸ್ಸಿನವರಿಗೆ ಏಳರಿಂದ ಒಂಬತ್ತು ಗಂಟೆಗಳ ನಿದ್ರೆ ಬೇಕೆಂದು ತಜ್ಞರ ಮತವು. ಬೆಳಗಿನ ಐದಕ್ಕೆ ಏಳಬೇಕಾದವನು ಹತ್ತಕ್ಕೆ ಮಲಗಿದರೂ ದೊರೆಯುವುದು ಏಳೇ ಗಂಟೆ. ಏಳುವ ಗಂಟೆಯನ್ನು ಬಾರಿಸುವ ನಿಲಯವು ದೀಪವಾರಿಸುವ ಹೊತ್ತನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸಬೇಕು. ಇಲ್ಲವಾದರೆ ಪೂಜೆಯ ಹೊತ್ತನ್ನು ನಿದ್ರೆಯಿಂದ ಕಡ ತಂದಂತಾಗುವುದು.

ಶರಣರ ದೃಷ್ಟಿಯಲ್ಲಿ ಈ ಶರೀರವು ಪ್ರಸಾದಕಾಯವು. ಎಲೆಯ ಮೇಲಿನ ಪ್ರಸಾದವನ್ನು ಕೆಡಿಸಲಂಜುವ ಭಕ್ತನು ಕಾಯವನ್ನು ಕೆಡಿಸಲೂ ಅಂಜಬೇಕು. ಓದು ವಿದ್ಯಾರ್ಥಿಯ ಕಾಯಕ. ಹಿತಮಿತವಾದ ನಿದ್ರೆಯು ಆ ಕಾಯಕಕ್ಕೆ ಬೇಕಾದ ಸಿದ್ಧತೆ. ಈ ವಿವೇಕವು ಎಲ್ಲ ತರುಣರಿಗೂ ಗುರುಕೃಪೆಯಿಂದ ಲಭಿಸಲಿ.