ಋತುವೈಪರೀತ್ಯವೂ ಸಂಸ್ಥೆಗಳ ಇಂಧನವ್ಯಯವೂ



ಮಳೆಯ ನಕ್ಷತ್ರಗಳನ್ನು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿ ಬಿತ್ತನೆಯ ದಿನವನ್ನು ಗೊತ್ತುಮಾಡುತ್ತಿದ್ದ ಒಕ್ಕಲುಮಕ್ಕಳು ಈಚೀಚೆಗೆ ಆ ಎಣಿಕೆಯಲ್ಲಿ ನಂಬುಗೆಯನ್ನು ಕಳೆದುಕೊಳ್ಳುತ್ತಿರುವರು. ರೋಹಿಣಿ, ಮೃಗಶಿರೆ, ಆರಿದ್ರೆಗಳು ಪಂಚಾಂಗದಲ್ಲಿ ತಪ್ಪದೆ ಬರುತ್ತವೆ. ಮಳೆಯು ಮಾತ್ರ ಬಾರದೆ ಹೋಗುತ್ತದೆ, ಬಂದರೆ ಒಂದೇ ರಾತ್ರಿಯಲ್ಲಿ ಹೊಲದ ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. 2023ನೆಯ ಇಸವಿಯ ಸಂಗತಿಯನ್ನು ಯಾರೂ ಮರೆತಿರಲಾರರು. ಆ ವರ್ಷದ ಆಗಸ್ಟ್ ತಿಂಗಳು ಭಾರತದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯಾದ ಆಗಸ್ಟ್ ಎನಿಸಿತು. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವು ಸಾರಿತು. ಆ ಬರಕ್ಕೆ ಪೆಸಿಫಿಕ್ ಮಹಾಸಾಗರದ ನೀರು ಕಾದೇರುವ ಎಲ್ ನಿನೊ ಎಂಬ ವಿಕಾರವೂ ಕಾರಣವಾಗಿದ್ದಿತು. ಒಂದೊಂದು ಬರವನ್ನೂ ಭೂತಾಪದ ತಲೆಗೇ ಕಟ್ಟುವುದು ಶಾಸ್ತ್ರಸಮ್ಮತವಲ್ಲ. ಆದರೆ ಆ ವರ್ಷ ನಡೆದ ಇನ್ನೊಂದು ಸಂಗತಿಯು ಇಂದಿನ ವಿಷಯಕ್ಕೆ ಬಹಳ ಹತ್ತಿರವಾದುದು.

ಮಳೆ ಇಲ್ಲದೆ ಜಲಾಶಯಗಳು ತುಂಬಲಿಲ್ಲ. ಅದರಿಂದ ನೀರಿನ ವಿದ್ಯುತ್ತು ಕುಗ್ಗಿತು. ಅದೇ ಹೊತ್ತಿಗೆ ಒಣಗುತ್ತಿದ್ದ ಪೈರನ್ನು ಉಳಿಸಿಕೊಳ್ಳಲು ರೈತರು ಕೊಳವೆಬಾವಿಯ ಪಂಪುಗಳನ್ನು ಹೆಚ್ಚು ಹೊತ್ತು ನಡೆಯಿಸಬೇಕಾಯಿತು. ಬೇಡಿಕೆ ಏರಿತು, ಒದಗುವುದು ಇಳಿಯಿತು. ಅಕ್ಟೋಬರಿನಲ್ಲಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಸಾಲದೆ ಹಲವೆಡೆ ರೈತರು ಬೀದಿಗಿಳಿದರು. ಕೊರತೆಯನ್ನು ತುಂಬಲು ಉಳಿದ ಮುಖ್ಯ ಆಸರೆಯೆಂದರೆ ರಾಯಚೂರು ಬಳ್ಳಾರಿಗಳಂತಹ ಕಡೆಗಳಲ್ಲಿ ಕಲ್ಲಿದ್ದಲನ್ನು ಸುಡುವ ಸ್ಥಾವರಗಳು. ಆ ಕಲ್ಲಿದ್ದಲೇ ಭೂಮಿಯ ತಾಪಕ್ಕೆ ದೊಡ್ಡ ಕಾರಣ. ಬಾಯಾರಿದವನು ಉಪ್ಪುನೀರನ್ನು ಕುಡಿದಂತಾಯಿತು. ಪಟ್ಟಣದ ಕಟ್ಟಡದಲ್ಲಿ ವ್ಯರ್ಥವಾಗಿ ಉರಿದ ದೀಪವೂ ಹಳ್ಳಿಯ ಒಣಗಿದ ರಾಗಿಯೂ ಒಂದೇ ತಂತಿಗೆ ಕಟ್ಟಲ್ಪಟ್ಟಿವೆಯೆಂಬುದು ಆ ವರ್ಷ ಪ್ರತ್ಯಕ್ಷವಾಗಿ ಕಂಡುಬಂದಿತು.

ತರ್ಕಶಾಸ್ತ್ರಕ್ಕೆ ಕುಳಿತ ವಟುವು ಮೊದಲು ಕಲಿಯುವುದು ಪರ್ವತದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮವನ್ನು. ಈ ವಿಷಯದಲ್ಲಿ ಆ ವಟುವಿಗೂ ಕಷ್ಟವುಂಟು. ಇಂಧನವು ಸುಟ್ಟಾಗ ಹುಟ್ಟುವ ಅಂಗಾರಾಮ್ಲವಾಯುವು ಹೊಗೆಯಂತೆ ಕಣ್ಣಿಗೆ ಬೀಳುವುದಿಲ್ಲ. ಗುಂಡಿಯನ್ನು ಒತ್ತುವ ಸ್ಥಳವೊಂದು, ಬೆಂಕಿಯುರಿಯುವ ಸ್ಥಳ ಮತ್ತೊಂದು, ಫಲವನ್ನು ಅನುಭವಿಸುವವನು ಮೂರನೆಯವನು. ಸ್ವೀಡನ್ ದೇಶದ ಅರ್ಹೇನಿಯಸ್ ಎಂಬ ಪಂಡಿತನು 1896ರಷ್ಟು ಹಿಂದೆಯೇ ಈ ವಾಯುವು ಹೆಚ್ಚಿದರೆ ಭೂಮಿ ಎಷ್ಟು ಕಾಯುವುದೆಂದು ಲೆಕ್ಕ ಹಾಕಿದ್ದನು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದುದು ಇಂದು 420ನ್ನು ಮೀರಿದೆ. ದಾಖಲೆಗಳಿರುವ ವರ್ಷಗಳಲ್ಲೆಲ್ಲ 2024 ಅತ್ಯಂತ ಬಿಸಿಯ ವರ್ಷವೆಂದು ಜಾಗತಿಕ ಪವನಶಾಸ್ತ್ರ ಸಂಸ್ಥೆಯು ನಿರ್ಣಯಿಸಿತು.

ಜನರು ಇದನ್ನು ನಂಬುವುದಿಲ್ಲವೆಂದು ಹೇಳುವುದು ವಾಡಿಕೆ. ಅದು ನಿಜವಲ್ಲ. ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದವರು ಭಾರತದಲ್ಲಿ ನಡೆಯಿಸಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಭೂತಾಪದ ವಿಚಾರ ತಮಗೆ ಸ್ವಲ್ಪವೇ ತಿಳಿದಿದೆ ಅಥವಾ ಅದನ್ನು ಕೇಳಿಯೇ ಇಲ್ಲವೆಂದವರು ನೂರಕ್ಕೆ 54 ಮಂದಿ. ಆದರೆ ಅದೇನೆಂಬುದನ್ನು ಎರಡು ಮಾತಿನಲ್ಲಿ ವಿವರಿಸಿ ಕೇಳಿದಾಗ, ಅಹುದು, ಅದು ನಡೆಯುತ್ತಿದೆ ಎಂದವರು ನೂರಕ್ಕೆ 84 ಮಂದಿ. ಹೆಸರು ಗೊತ್ತಿಲ್ಲದಿದ್ದರೂ ರೋಗವು ಮೈಗೆ ಗೊತ್ತಿರುತ್ತದೆ. ನಮ್ಮ ನಾಡಿನ ಜನಕ್ಕೆ ಕೊರತೆಯಾಗಿರುವುದು ನಂಬಿಕೆಯಲ್ಲ. ‘ಇದರಲ್ಲಿ ನನ್ನ ಪಾಲಿನ ಕೆಲಸವಿದೆ’ ಎಂಬ ಭಾವನೆ. ಒಬ್ಬನು ಕಲಿಕಾಲದ ಮಹಿಮೆಯೆಂದು ಕೈಮುಗಿಯುವನು. ಮತ್ತೊಬ್ಬನು ತನ್ನ ಮನೆಯ ಒಂದು ದೀಪವನ್ನು ಆರಿಸಿದರೆ ಲೋಕವು ತಣ್ಣಗಾಗುವುದೇ ಎಂದು ನಗುವನು. ನಗುವವನ ಮಾತು ಸುಳ್ಳಲ್ಲ. ಒಂದು ಮನೆಯ ಒಂದು ದೀಪದಿಂದ ಏನೂ ಆಗದು. ಅದಕ್ಕಾಗಿಯೇ ಈ ಪ್ರಶ್ನೆಯು ವ್ಯಕ್ತಿಯ ಬಾಗಿಲಿಗಿಂತ ಮೊದಲು ಸಂಸ್ಥೆಯ ಬಾಗಿಲಿಗೆ ಬರಬೇಕಾಗಿದೆ.

ಸಂಸ್ಥೆಯೆಂದರೆ ಸರ್ಕಾರದ ಕಚೇರಿ, ಕಾಲೇಜು, ಆಸ್ಪತ್ರೆ, ದೇವಾಲಯ, ಮಠ ಎಲ್ಲವೂ ಸೇರಿದವು. ಇಲ್ಲಿ ಒಬ್ಬರ ತೀರ್ಮಾನವು ಸಾವಿರ ಜನರ ಅಭ್ಯಾಸವಾಗುತ್ತದೆ. ಇನ್ನೂರು ಫ್ಯಾನುಗಳಿರುವ ಒಂದು ವಿದ್ಯಾರ್ಥಿನಿಲಯವನ್ನು ತೆಗೆದುಕೊಳ್ಳಿರಿ. ಹಳೆಯ ತರದ ಫ್ಯಾನು ಸುಮಾರು 75 ವಾಟು ನುಂಗುತ್ತದೆ. ಈಗ ಬಂದಿರುವ ಮಿತವ್ಯಯದ ಫ್ಯಾನಿಗೆ 30 ವಾಟು ಸಾಕು. ದಿನಕ್ಕೆ ಹತ್ತು ಗಂಟೆಯಂತೆ ಓಡಿದರೆ ಉಳಿತಾಯ 90 ಯೂನಿಟ್ಟು. ವರ್ಷದಲ್ಲಿ 250 ದಿನವೆಂದರೂ 22,500 ಯೂನಿಟ್ಟು. ಕಲ್ಲಿದ್ದಲಿನಿಂದ ಒಂದು ಯೂನಿಟ್ಟನ್ನು ಮಾಡಲು ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕಾಗುವುದರಿಂದ, ಒಂದು ನಿಲಯದ ಛಾವಣಿಯಡಿಯಲ್ಲಿಯೇ ವರ್ಷಕ್ಕೆ ಹದಿನೈದು ಟನ್ನಿಗೂ ಮೇಲ್ಪಟ್ಟ ಕಲ್ಲಿದ್ದಲು ಸುಡದೆ ಉಳಿಯುವುದು. ಇದಕ್ಕಾಗಿ ಯಾವ ವಿದ್ಯಾರ್ಥಿಯೂ ಸೆಕೆಯಲ್ಲಿ ಬೇಯಬೇಕಾಗಿಲ್ಲ. ಹೊಸ ಫ್ಯಾನಿನ ಬೆಲೆ ಹೆಚ್ಚೆಂಬುದು ದಿಟ. ಒಮ್ಮೆಗೇ ಇನ್ನೂರನ್ನೂ ಕೊಳ್ಳಲಾಗದವರು ಕೆಟ್ಟುದನ್ನು ತೆಗೆದು ಹೊಸದನ್ನು ಹಾಕುವಾಗಲಾದರೂ ಹಳೆಯ ತರದ್ದನ್ನು ತರದಿದ್ದರಾಯಿತು.

ಮಠಗಳಲ್ಲಿ ಫ್ಯಾನಿಗಿಂತ ದೊಡ್ಡ ಲೆಕ್ಕ ಅಡಿಗೆಮನೆಯದು. ದಾಸೋಹದ ಒಲೆ ಆರಬಾರದೆಂಬುದು ಪರಂಪರೆ; ತುಮಕೂರಿನ ಸಿದ್ಧಗಂಗೆಯಂತಹ ಕ್ಷೇತ್ರದಲ್ಲಿ ನಿತ್ಯವೂ ಸಾವಿರಾರು ವಿದ್ಯಾರ್ಥಿಗಳು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಇಂಧನದ ನೆಪವನ್ನು ಹೇಳಿ ಹಸಿದವನ ತುತ್ತನ್ನು ಕಿರಿದುಮಾಡಬೇಕೆಂದು ಯಾರೂ ಹೇಳಲಾಗದು, ಹೇಳಲೂ ಕೂಡದು. ಆದರೆ ಒಲೆ ಆರಬಾರದೆಂದರೆ ಒಲೆಯ ಉರಿಯು ಗೋಡೆಯನ್ನು ಕಾಯಿಸುತ್ತಿರಬೇಕೆಂದು ಅರ್ಥವಲ್ಲ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದ ಬಹುಭಾಗವು ಪಾತ್ರೆಯನ್ನು ಮುಟ್ಟುವುದೇ ಇಲ್ಲ. ಅಡಿಗೆಯವರ ಕಣ್ಣನ್ನೂ ಎದೆಯನ್ನೂ ಮುಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಗ್ರಾಮಗಳಿಗೆ ಉಪಯುಕ್ತವಾದ ಶಾಸ್ತ್ರೀಯ ಸಾಧನಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗವನ್ನು ತೆರೆದರು. ಅಲ್ಲಿಂದ ಬಂದ ಅಸ್ತ್ರ ಒಲೆಯು ಒಂದೇ ಉರಿಯಿಂದ ಮೂರು ಪಾತ್ರೆಗಳನ್ನು ಕಾಯಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿತು. ತಿರುಮಲೆಯಲ್ಲಿ 2002ರಲ್ಲಿ ಬಿಸಿಲಿನಿಂದಲೇ ಹಬೆಯನ್ನು ಹುಟ್ಟಿಸಿ ಸಾವಿರಾರು ಯಾತ್ರಿಕರಿಗೆ ಅಡಿಗೆ ಮಾಡುವ ಏರ್ಪಾಡನ್ನು ಕಟ್ಟಿದರು. ಅಷ್ಟು ದೊಡ್ಡದು ಎಲ್ಲರಿಗೂ ಸಾಧ್ಯವಿಲ್ಲ. ಬೇಳೆಯನ್ನು ರಾತ್ರಿಯೇ ನೆನೆಹಾಕುವುದು, ಕೊಪ್ಪರಿಗೆಗೆ ಸರಿಯಾದ ಮುಚ್ಚಳವನ್ನು ಮಾಡಿಸುವುದು, ಗೋಶಾಲೆಯ ಸಗಣಿಯನ್ನು ಅನಿಲಸ್ಥಾವರಕ್ಕೆ ಹಾಕುವುದು, ಸ್ನಾನದ ನೀರನ್ನು ಬಿಸಿಲಿಗೆ ಬಿಡುವುದು ಎಲ್ಲರಿಗೂ ಸಾಧ್ಯ. ಈ ಕೆಲಸಗಳಲ್ಲಿ ಅಡಿಗೆಯವರನ್ನು ಕೇಳದೆ ತೀರ್ಮಾನಿಸುವ ಆಡಳಿತಮಂಡಲಿಗಳು ಕೆಡುತ್ತವೆ. ಯಾವ ಒಲೆ ಎಷ್ಟು ಕಟ್ಟಿಗೆ ತಿನ್ನುತ್ತದೆಂಬುದನ್ನು ಬಲ್ಲವರು ಅವರೊಬ್ಬರೇ.

ಇನ್ನು ಉತ್ಸವದ ಮಾತು. ಮಹೋತ್ಸವದ ಸಂಚಿಕೆಯಲ್ಲಿ ಇದನ್ನು ಎತ್ತುವುದು ಕೆಲವರಿಗೆ ಹಿತವಾಗದಿರಬಹುದು. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ತು ಬರುವ ಮೊದಲು ನಾಡಿನ ಜಾತ್ರೆಗಳು ಪಂಜು, ದೀವಟಿಗೆಗಳ ಬೆಳಕಿನಲ್ಲಿಯೇ ನಡೆದವು, ಜನವೂ ಸೇರಿತು. ಹಾಗೆಂದು ಕತ್ತಲೆಯಲ್ಲಿ ರಥವನ್ನು ಎಳೆಯಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ; ಹೆಂಗಸರು, ಮಕ್ಕಳು ನಡೆದಾಡುವ ದಾರಿಗೆ ಬೆಳಕು ಬೇಕೇ ಬೇಕು. ಆದರೆ ಜನವೆಲ್ಲ ಮಲಗಿದ ಮೇಲೂ ಗೋಪುರದಿಂದ ಊರ ಹೆಬ್ಬಾಗಿಲವರೆಗೆ ಬೆಳಗಿನ ಜಾವದ ತನಕ ಉರಿಯುವ ಸಾವಿರ ಬಣ್ಣದ ದೀಪಗಳನ್ನು ನೋಡುವವರಾರು? ಅವುಗಳ ಹಿಂದೆ ಡೀಸೆಲ್ಲು ಕುಡಿದು ಗುಡುಗುವ ಜನರೇಟರಿನ ಪಕ್ಕದಲ್ಲಿಯೇ, ಮಳೆ ಹೋಗಿ ಬೆಳೆಯನ್ನು ಕಳೆದುಕೊಂಡು ಹರಕೆಗೆ ಬಂದ ರೈತನು ಹೆಂಡತಿ ಮಕ್ಕಳೊಡನೆ ಮಲಗಿರುತ್ತಾನೆ.

ಒಂದು ಆಕ್ಷೇಪಣೆ ಉಳಿದಿದೆ, ಅದು ನ್ಯಾಯವಾದುದು. ಭಾರತೀಯನೊಬ್ಬನ ಪಾಲಿನ ಅಂಗಾರಾಮ್ಲವಾಯು ವರ್ಷಕ್ಕೆ ಸುಮಾರು ಎರಡು ಟನ್ನು. ಅದು ಲೋಕದ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ, ಅಮೆರಿಕೆಯವನದರ ಸುಮಾರು ಏಳರಲ್ಲೊಂದು ಪಾಲು. ಉಂಡವರು ಅವರು, ಉಪವಾಸ ನಮಗೇಕೆ ಎಂದು ಕೇಳಿದರೆ ತಪ್ಪೇನು? ತಪ್ಪಿಲ್ಲ, ಧನಿಕ ರಾಷ್ಟ್ರಗಳು ತೀರಿಸಬೇಕಾದ ಋಣವನ್ನು ಅವರೇ ತೀರಿಸತಕ್ಕದ್ದು. ಆದರೆ ಎರಡು ಟನ್ನೆಂಬುದು ಸರಾಸರಿಯ ಲೆಕ್ಕ. ಗುಡಿಸಲಿನಲ್ಲಿ ಒಂದು ಬಲ್ಬು ಉರಿಸುವವನನ್ನೂ ಹಗಲಿರುಳು ತಂಪುಗಾಳಿಯ ಯಂತ್ರವನ್ನು ಓಡಿಸುವ ಸಭಾಭವನವನ್ನೂ ಅದು ಒಂದೇ ತಕ್ಕಡಿಗೆ ಹಾಕುತ್ತದೆ. ಬಡವನ ಮಿತವ್ಯಯದ ನೆರಳಿನಲ್ಲಿ ಸಿರಿವಂತ ಸಂಸ್ಥೆಯು ನಿಂತು ತಾನೂ ಬಡವನೆನ್ನಲಾಗದು. ಅದಲ್ಲದೆ ಕರ್ನಾಟಕದ ವಿದ್ಯುತ್ತಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ಪಂಪುಸೆಟ್ಟುಗಳಿಗೇ ಬೇಕಾಗಿರುವಾಗ, ಬೇಸಗೆಯಲ್ಲಿ ಸಂಸ್ಥೆಯು ಉಳಿಸಿದ ಯೂನಿಟ್ಟು ಹತ್ತಿರದ ಹೊಲಕ್ಕೇ ಸಲ್ಲಬಹುದು.

ಪಾವಗಡದ 13,000 ಎಕರೆಯಲ್ಲಿ ಎದ್ದಿರುವ ಸೌರ ಫಲಕಗಳನ್ನು ಕಂಡು, ಇನ್ನು ಉಳಿತಾಯವೇಕೆ, ಸೂರ್ಯನಿದ್ದಾನಲ್ಲ ಎನ್ನುವವರೂ ಉಂಟು. ಸೂರ್ಯನು ಸಂಜೆಗೆ ಮುಳುಗುತ್ತಾನೆ. ದೀಪಗಳನ್ನು ಹಚ್ಚುವುದು ಆ ಮೇಲೆಯೇ. ಛಾವಣಿಗೆ ಫಲಕವನ್ನು ಹಾಕಿಸಿ, ಅದೇ ಧೈರ್ಯದಿಂದ ಕೋಣೆ ಕೋಣೆಗಳಲ್ಲಿ ದೀಪವನ್ನು ಮರೆತು ಹೋಗುವ ಸಂಸ್ಥೆಗೆ ಬಂದ ಲಾಭವೆಷ್ಟೆಂದು ಅದರ ಲೆಕ್ಕದವರೇ ಹೇಳಬೇಕು.

ಆರಂಭಕ್ಕೆ ಬೇಕಾದ ಸಾಮಗ್ರಿಯು ಪ್ರತಿ ಮಠದ ಕಚೇರಿಯಲ್ಲಿಯೂ ಆಗಲೇ ಇದೆ: ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳು, ಕಟ್ಟಿಗೆ ಮತ್ತು ಅನಿಲದ ಚೀಟಿಗಳು. ದಾನಿಗಳ ಹೆಸರನ್ನು ಬರೆಯುವ ಹಲಗೆಯ ಪಕ್ಕದಲ್ಲಿ ಇನ್ನೊಂದು ಹಲಗೆಯನ್ನು ತೂಗುಹಾಕಿ, ತಿಂಗಳು ತಿಂಗಳಿಗೆ ಖರ್ಚಾದ ಯೂನಿಟ್ಟುಗಳನ್ನು ಭಕ್ತರು ಓದುವಂತೆ ಬರೆಯಿಸಬಹುದು. ಯುಗಾದಿಯಿಂದ ತೊಡಗಿದರೆ, ಮುಂದಿನ ಜಾತ್ರೆಯ ತಿಂಗಳಲ್ಲಿ ಅಂಕಿಯು ಎಷ್ಟು ಏರಿತೆಂಬುದನ್ನು ತೇರಿನ ಹಗ್ಗ ಹಿಡಿಯಲು ಬಂದವರೂ ನೋಡಿಕೊಂಡು ಹೋಗುವರು.