ಹಂಪಿಯಲ್ಲಿ ಸಭೆ ಕೂಡುವ ಮುನ್ನ



ತುಂಗೆ ಮತ್ತು ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟುತ್ತವೆ. ಮಲೆನಾಡನ್ನು ಬೇರೆ ಬೇರೆ ದಾರಿಯಲ್ಲಿ ಸುತ್ತಿ, ಕೂಡ್ಲಿಯಲ್ಲಿ ಒಂದಾಗಿ, ಬಯಲಿಗಿಳಿದು, ಹಂಪಿಯ ಬಂಡೆಗಳ ನಡುವೆ ಹಾದುಹೋಗುತ್ತವೆ. ಮೇಲೆ ಗುಡ್ಡದ ಮೈ ಸವೆದರೆ ಕೆಳಗೆ ಜಲಾಶಯದ ಹೊಟ್ಟೆ ತುಂಬುತ್ತದೆ. ಕುದುರೆಮುಖದ ಕಬ್ಬಿಣದ ಗಣಿಯ ವಿರುದ್ಧ ಮಲೆನಾಡಿನಲ್ಲಿ ನಡೆದ ಹೋರಾಟದಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು ಇದೇ. ಆ ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಿತು. ಹೂಳಿನ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟು ಕೊಚ್ಚಿಹೋದಾಗ ಬಯಲಿನ ರೈತರು ಅನುಭವಿಸಿದ ಆತಂಕ ಮಲೆನಾಡಿನವರಿಗೂ ಅಪರಿಚಿತವಾದುದಲ್ಲ.

ಆದ್ದರಿಂದ ನದಿಯ ಮೇಲ್ಭಾಗದವರೂ ಕೆಳಭಾಗದವರೂ ಒಂದೆಡೆ ಕುಳಿತು ಮಾತನಾಡಬೇಕೆಂಬ ಪ್ರಸ್ತಾಪ ಬಂದಾಗಲೆಲ್ಲ ಹಂಪಿಯ ಹೆಸರು ಮೇಲೇಳುವುದು ಸಹಜ. ಊರು ಎಲ್ಲರಿಗೂ ಗೊತ್ತು, ನದಿ ಕಣ್ಣೆದುರಿಗಿದೆ, ವಿದ್ಯಾರ್ಥಿಗಳಿಗೆ ಪ್ರವಾಸವೂ ಆಗುತ್ತದೆ. ಆದರೆ ಪರಿಸರದ ಬ್ಯಾನರು ಕಟ್ಟಿದ ಮಾತ್ರಕ್ಕೆ ಬಸ್ಸಿನ ಹೊಗೆ ಕಡಿಮೆಯಾಗುವುದಿಲ್ಲ. ಸರ್ಕಾರಿ ಉತ್ಸವಗಳ ಅಬ್ಬರವನ್ನು ಟೀಕಿಸುವ ಸಂಘಟನೆಗಳು ತಾವೇ ಮುನ್ನೂರು ಜನರನ್ನು ಕರೆದೊಯ್ದು ಬಾಟಲಿ, ತಟ್ಟೆ, ಧ್ವನಿವರ್ಧಕಗಳೊಡನೆ ಇಳಿದರೆ, ಆ ನೆಲಕ್ಕೆ ಇಬ್ಬರ ನಡುವಿನ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಹಂಪಿ ಖಾಲಿ ಬಿದ್ದಿರುವ ಹಾಳೂರಲ್ಲ. 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶದೊಳಗೆ ಹಳ್ಳಿಗಳಿವೆ, ಬಾಳೆಯ ತೋಟಗಳಿವೆ, ಭತ್ತ ಮತ್ತು ಕಬ್ಬಿನ ಗದ್ದೆಗಳಿವೆ. ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ಸ್ಮಾರಕಗಳ ಮಗ್ಗುಲಲ್ಲೇ ಹರಿದು ಬೆಳೆಗೆ ನೀರುಣಿಸುತ್ತದೆ. ಪಂಪಾಪತಿಯ ಗುಡಿಯಷ್ಟೇ ಈ ಕಾಲುವೆಯೂ ಜೀವಂತ ಪರಂಪರೆ. ಪ್ರವಾಸಿಗರ ಕ್ಯಾಮೆರಾ ಮಾತ್ರ ಅದರತ್ತ ತಿರುಗುವುದು ಅಪರೂಪ. ಆನೆಗೊಂದಿ ಮತ್ತು ವಿರೂಪಾಪುರ ಗದ್ದೆಯ ಕಡೆಗೆ ಕಟ್ಟಲಾರಂಭಿಸಿದ ಸೇತುವೆಗಳ ಕಾರಣದಿಂದ 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು; 2006ರಲ್ಲಿ ಅದರಿಂದ ಹೊರಬಂತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಹೊರಗಿನವರ ಅನುಕೂಲ ಮತ್ತು ಊರಿನವರ ಅಗತ್ಯ ಇಲ್ಲಿ ಎಷ್ಟು ಸಿಕ್ಕಾಗಿ ಹೆಣೆದುಕೊಂಡಿವೆ ಎನ್ನುವುದಕ್ಕೆ ಆ ಸೇತುವೆಯ ಕಥೆಯೇ ಸಾಕ್ಷಿ. ದೋಣಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಸೇತುವೆ ಬೇಕಿತ್ತೆಂಬುದೂ ನಿಜ.

ಸಭೆ ನಡೆಸುವವರು ತಿಳಿದಿರಲೇಬೇಕಾದ ಕಾನೂನೊಂದಿದೆ. ಪ್ರಾಚೀನ ಸ್ಮಾರಕಗಳ ಕುರಿತ 1959ರ ನಿಯಮಗಳಲ್ಲಿ 7ನೆಯದು, ಸಂರಕ್ಷಿತ ಸ್ಮಾರಕದಲ್ಲಿ ಕೇಂದ್ರ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಭೆ, ಸತ್ಕಾರ, ಸಮ್ಮೇಳನ, ಮನರಂಜನೆಗಳನ್ನು ಏರ್ಪಡಿಸಬಾರದೆನ್ನುತ್ತದೆ. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ ಮಾತ್ರ ವಿನಾಯಿತಿ. ಅಂದರೆ ಜಾತ್ರೆ ಬೇರೆ, ಉತ್ಸವ ಬೇರೆ ಎಂಬುದನ್ನು ಕಾನೂನೇ ಗುರುತಿಸಿದೆ. ಚೈತ್ರದಲ್ಲಿ ವಿರೂಪಾಕ್ಷನ ತೇರು, ಮಾರ್ಗಶಿರದಲ್ಲಿ ಫಲಪೂಜೆ. ಇವುಗಳ ದಿನವನ್ನು ಯಾವ ಸಮಿತಿಯೂ ಗೊತ್ತುಮಾಡುವುದಿಲ್ಲ. ಜನರಿಗೆ ದಿನ ಗೊತ್ತು, ಎಲ್ಲಿ ಇಳಿಯಬೇಕು, ಎಲ್ಲಿ ಒಲೆ ಹೂಡಬೇಕು ಎಂಬುದೂ ಗೊತ್ತು. ಹಂಪಿ ಉತ್ಸವದ ದಿನಾಂಕವಾದರೋ ಪ್ರತಿ ವರ್ಷವೂ ಹೊಸದು. ನವೆಂಬರ್ ಮೊದಲ ವಾರದ ಹಬ್ಬವೆಂದೇ ಹೆಸರಾಗಿದ್ದ ಅದು 2023ರಲ್ಲಿ ಜನವರಿಯ ಕೊನೆಗೆ, 2024ರಲ್ಲಿ ಫೆಬ್ರವರಿಯ ಆರಂಭಕ್ಕೆ, 2025ರಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚಿಗೆ ಸರಿಯಿತು. ಚುನಾವಣೆ, ಬರ, ಗಣ್ಯರ ಬಿಡುವು ಇವೆಲ್ಲ ಸೇರಿ ನಿರ್ಧರಿಸುವ ದಿನಾಂಕಕ್ಕೆ ನೆಲದ ಸಂಬಂಧವಿರುವುದಿಲ್ಲ. ಜಾತ್ರೆಯೆಂದರೆ ಎಲ್ಲವೂ ಶುದ್ಧವೆಂದು ಇದರ ಅರ್ಥವಲ್ಲ. ಇಂದಿನ ತೇರಿನ ಮರುದಿನ ರಥಬೀದಿಯನ್ನು ನೋಡಿದವರಿಗೆ ಪ್ಲಾಸ್ಟಿಕ್ಕಿನ ರಾಶಿಯ ಪರಿಚಯವಿದೆ. ಆದರೂ ದಿನ ಮತ್ತು ಸ್ಥಳದ ಆಯ್ಕೆಯಲ್ಲಿ ಜಾತ್ರೆಯಿಂದ ಕಲಿಯುವುದು ಬಹಳವಿದೆ.

ಯೋಜನೆಯ ಮೊದಲ ಹೆಜ್ಜೆಯೂ ಅತಿ ಮುಖ್ಯ ಹೆಜ್ಜೆಯೂ ದಿನಾಂಕವೇ. ಭಾಷಣಕಾರರ ಡೈರಿ ನೋಡಿ ದಿನ ಗೊತ್ತುಮಾಡುವುದು ಸಂಘಟನೆಗಳ ಹಳೆಯ ಚಾಳಿ. ಅದರ ಬದಲು ಎರಡು ಬೆಳೆಗಳ ಪಂಚಾಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮಾರ್ಚಿಯಿಂದ ಮೇವರೆಗೆ ಹಂಪಿಯ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೂ ಬಿಸಿ ಉಗುಳುತ್ತವೆ. ಮಲೆನಾಡಿನ ವೃದ್ಧರಿಗೆ ಅದು ಸಲ್ಲದು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನವರು ನಾಟಿಯಲ್ಲಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದರಲ್ಲಿ ಮುಳುಗಿರುತ್ತಾರೆ. ಅಕ್ಟೋಬರ್‌ನಲ್ಲಿ ದಸರಾ ರಜೆಯ ಪ್ರವಾಸಿಗರು ಹಂಪಿಯನ್ನು ತುಂಬುತ್ತಾರೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಎಲ್ಲರ ಕಣ್ಣೂ ಹಂಪಿಯ ಮೇಲೆ. ಮಲೆನಾಡಿನಲ್ಲಿ ಭತ್ತದ ಕೊಯ್ಲು, ಅಡಿಕೆ ಕೊನೆ, ಕಾಫಿ ಹಣ್ಣು, ಒಂದಾದ ಮೇಲೊಂದು. ಹೀಗೆ ಅಳಿಸುತ್ತ ಬಂದರೆ ಉಳಿಯುವುದು ಸೆಪ್ಟೆಂಬರ್‌ನ ನಡುವಿನ ಕೆಲವು ದಿನಗಳು, ಅದರಲ್ಲೂ ವಾರದ ನಡುವಿನವು. ಗಣೇಶನ ಹಬ್ಬವೂ ಮಹಾಲಯವೂ ಅಡ್ಡ ಬರುತ್ತವೆಯೇ ಎಂದು ಆ ವರ್ಷದ ಪಂಚಾಂಗ ನೋಡಿಕೊಳ್ಳಬೇಕು.

ಸೆಪ್ಟೆಂಬರ್‌ನಲ್ಲಿ ಅಲ್ಲಿ ಮಳೆಯಿರುತ್ತದೆಯಲ್ಲ ಎಂಬ ಆಕ್ಷೇಪ ಸರಿಯಾದುದೇ. ಬಯಲು ಸೀಮೆಗೆ ಒಳ್ಳೆಯ ಮಳೆ ಬೀಳುವ ತಿಂಗಳು ಅದು. ಆದ್ದರಿಂದ ಸಭೆ ಸೂರಿನ ಕೆಳಗೆ ನಡೆಯಬೇಕು, ಸ್ಮಾರಕದ ಅಂಗಳದಲ್ಲಿ ಶಾಮಿಯಾನ ಹಾಕಿಯಲ್ಲ. ಹಂಪಿಗೆ ನಾಲ್ಕು ಕಿಲೋಮೀಟರ್ ಆಸುಪಾಸಿನಲ್ಲಿ ಕಮಲಾಪುರವಿದೆ. ಅದರ ಬಳಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ಆವರಣವಿದೆ. ಶಾಲೆಗಳಿವೆ, ಸಮುದಾಯ ಭವನಗಳಿವೆ. ಮಾತುಕತೆ ಅಲ್ಲಿ ನಡೆದರೆ, ಹಂಪಿಗೆ ಹೋಗುವುದು ನಡೆಯಲಿಕ್ಕೆ, ನೋಡಲಿಕ್ಕೆ ಮಾತ್ರ ಆಗುತ್ತದೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಾಲಯದ ಮುಂದಿನ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಅಂಥ ಕಂಬಗಳಿಗೆ ಬ್ಯಾನರಿನ ಹಗ್ಗ ಬಿಗಿಯುವ ಯೋಚನೆಯನ್ನೇ ಬಿಡಬೇಕು.

ಇನ್ನು ಬಸ್ಸು ನಿಲ್ಲಿಸುವ ಪ್ರಶ್ನೆ. ದೊಡ್ಡ ಕಾರ್ಯಕ್ರಮಗಳಲ್ಲಿ ಕೊಯ್ಲಾದ ಗದ್ದೆಯನ್ನು ಬಾಡಿಗೆಗೆ ಪಡೆದು ವಾಹನ ನಿಲ್ಲಿಸುವುದು ಎಲ್ಲೆಡೆ ಕಾಣುವ ಪದ್ಧತಿ. ಬೆಳೆಯಿಲ್ಲದ ಗದ್ದೆ ಖಾಲಿ ಎಂದು ನೋಡುವವರಿಗೆ ಅನ್ನಿಸುತ್ತದೆ. ಮಣ್ಣಿನ ಅರ್ಧದಷ್ಟು ಭಾಗ ಗಾಳಿ ಮತ್ತು ನೀರು ಇರುವ ರಂಧ್ರಗಳೇ. ತೇವವಿರುವ ಜೇಡಿಯ ಮೇಲೆ ಹತ್ತು ಟನ್ನಿನ ಬಸ್ಸು ಹರಿದರೆ ಆ ರಂಧ್ರಗಳು ಮುಚ್ಚಿಹೋಗುತ್ತವೆ. ಮೇಲಿನ ಗೆರೆಯನ್ನು ನೇಗಿಲು ಅಳಿಸುತ್ತದೆ. ಆದರೆ ನೇಗಿಲು ಮುಟ್ಟದ ಆಳದಲ್ಲಿ ಗಟ್ಟಿಪದರವೊಂದು ಉಳಿದು, ಮುಂದಿನ ಹಲವು ಹಂಗಾಮು ಬೇರು ಇಳಿಯದೆ, ನೀರು ಬಸಿಯದೆ ಪೀಡಿಸುತ್ತದೆ. ಭತ್ತಕ್ಕೆ ಇದು ಅಷ್ಟಾಗಿ ತಟ್ಟದಿರಬಹುದು, ನೀರು ನಿಲ್ಲುವುದೇ ಅದಕ್ಕೆ ಬೇಕು. ಅದೇ ಗದ್ದೆಗೆ ಬಾಳೆ ಹಾಕಿದ ರೈತನಿಗೆ ಮಾತ್ರ ನಷ್ಟ ಖಚಿತ. ಒಂದು ದಿನದ ಬಾಡಿಗೆಯ ಲೆಕ್ಕದಲ್ಲಿ ಇದು ಬರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಗದ್ದೆಗಳಲ್ಲಿ ಭತ್ತ ನಿಂತಿರುತ್ತದೆ, ಬಸ್ಸಿಗೆ ಜಾಗವೇ ಸಿಗದು. ಆ ತಿಂಗಳ ಪರವಾಗಿ ಹೇಳಬಹುದಾದ ಇನ್ನೊಂದು ಮಾತು ಅದು. ಹೊಸಪೇಟೆಯವರೆಗೆ ರೈಲಿನಲ್ಲಿ ಅಥವಾ ಸಾರಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ 13 ಕಿಲೋಮೀಟರ್ ಸ್ಥಳೀಯ ಬಸ್ಸಿನಲ್ಲಿ ಹೋಗುವುದು ತೊಡಕಿನ ಕೆಲಸವೇನಲ್ಲ.

ಜನರ ಸಂಖ್ಯೆಯನ್ನು ಉತ್ಸಾಹದಿಂದ ನಿರ್ಧರಿಸದೆ ಲೆಕ್ಕದಿಂದ ನಿರ್ಧರಿಸುವುದು ಒಳ್ಳೆಯದು. ಮುನ್ನೂರು ಜನ ಎರಡು ದಿನ ಇರುತ್ತಾರೆಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ನೀರೆಂದರೂ ದಿನಕ್ಕೆ 1200 ಲೀಟರ್. ಇದನ್ನು ಬಾಟಲಿಯಲ್ಲಿ ಕೊಟ್ಟರೆ ಎರಡು ದಿನಕ್ಕೆ 2400 ಬಾಟಲಿಗಳು. ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಕೊಟ್ಟು, ಬರುವವರೆಲ್ಲ ತಮ್ಮ ಲೋಟ ತಂದರೆ ಕಸವೇ ಇಲ್ಲ. ಶೌಚಾಲಯ ಹತ್ತಿದ್ದರೆ ಒಂದಕ್ಕೆ ಮೂವತ್ತು ಜನ. ತಲೆಗೆ ಐದು ನಿಮಿಷವೆಂದರೂ ಎರಡೂವರೆ ಗಂಟೆ. ಬೆಳಗಿನ ಐದೂವರೆಗೆ ಎದ್ದರೂ ಎಂಟು ಗಂಟೆಗೆ ಸರದಿ ಮುಗಿಯುತ್ತದೆ. ಇದನ್ನು ಮೊದಲೇ ಲೆಕ್ಕಹಾಕದೆ ಎಂಟಕ್ಕೆ ಉದ್ಘಾಟನೆ ಎಂದು ಅಚ್ಚುಹಾಕಿಸಿದವರು ಹೊಳೆದಂಡೆಗೆ ಹೊರಡುವವರನ್ನು ತಡೆಯಲಾರರು. ಹೆಂಗಸರ ಕಷ್ಟವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಮಿತಿಯಲ್ಲಿ ಅವರಿಲ್ಲದಿದ್ದರೆ ಈ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಹತ್ತು ಶೌಚಾಲಯವಿರುವ ಜಾಗ ಸಿಕ್ಕದಿದ್ದರೆ ನೂರೈವತ್ತು ಜನರ ಸಭೆಯೇ ಸಾಕು.

ಊಟದ ವಿಚಾರದಲ್ಲಿ ಮಲೆನಾಡಿನವರು ಕೊಂಚ ಹಠಮಾರಿಗಳು. ಹೋದಲ್ಲೆಲ್ಲ ಅನ್ನ-ಸಾರು ಕೇಳುತ್ತಾರೆ, ತಮ್ಮ ಅಡಿಗೆಯವರನ್ನೇ ಕರೆದೊಯ್ಯುತ್ತಾರೆ. ಎರಡು ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದರೆ ನಷ್ಟವೇನಿಲ್ಲ. ಆ ಕೆಲಸವನ್ನು ಅಲ್ಲಿನ ಸ್ತ್ರೀಶಕ್ತಿ ಗುಂಪುಗಳಿಗೆ ತಿಂಗಳ ಮುಂಚೆ, ಮುಂಗಡ ಕೊಟ್ಟು ಒಪ್ಪಿಸಬಹುದು. ಬಾಳೆಯ ನಾಡಿನಲ್ಲಿ ಎಲೆಗೆ ಬರವಿಲ್ಲ; ಮಲೆನಾಡಿನಿಂದ ಹಾಳೆತಟ್ಟೆ ಹೊರುವ ಅಗತ್ಯವೂ ಇಲ್ಲ. ಉಂಡ ಎಲೆಯನ್ನೂ ಮಿಕ್ಕ ಅನ್ನವನ್ನೂ ಹಾಗೆಯೇ ತೋಟದ ಅಂಚಿಗೆ ಸುರಿದರೆ ನಾಯಿ, ಹಂದಿ, ಕೋತಿಗಳ ಹಿಂಡು ಸೇರುತ್ತದೆ. ಗುಂಡಿ ತೋಡಿ, ಒಂದು ಪದರ ಎಂಜಲೆಲೆಗೆ ಒಂದು ಪದರ ಒಣ ಬಾಳೆಸೋಗೆಯನ್ನೋ ಒಣಹುಲ್ಲನ್ನೋ ಹಾಕಿ, ಮೇಲೆ ಮಣ್ಣು ಮುಚ್ಚಿದರೆ ಅದೇ ತೋಟಕ್ಕೆ ಗೊಬ್ಬರ. ಗುಂಡಿ ಕಾಲುವೆಯಿಂದ ದೂರವಿರಬೇಕೆಂಬುದು ಮಾತ್ರ ಕಡ್ಡಾಯ. ನೂರಕ್ಕಿಂತ ಹೆಚ್ಚು ಜನರ ಕಾರ್ಯಕ್ರಮ ನಡೆಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಈ ವಿಧಿಯನ್ನು ಓದಿದ ಸಂಘಟಕರು ಪರಿಸರ ವಲಯದಲ್ಲೂ ವಿರಳ.

ರಾತ್ರಿಯ ಕಾರ್ಯಕ್ರಮದ ಬಗ್ಗೆ ವಿದ್ಯಾರ್ಥಿಗಳಿಗೆ ಆಸೆಯಿರುತ್ತದೆ: ನದಿದಂಡೆ, ಬೆಳದಿಂಗಳು, ಹಾಡು. ಮುದಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಹಂಪಿ ಇದರ ನಡುವೆಯೇ ಇದೆ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಅವು ಮೀನು ಹಿಡಿಯುತ್ತವೆ, ಬಂಡೆಯ ಸಂದುಗಳಲ್ಲಿ ಮರಿ ಸಾಕುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದ ನಿಯಮಗಳು ಹೇಳುತ್ತವೆ. ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದು ಉತ್ಸವಗಳಿಗೆ ಬಳಕೆಯಾಗುತ್ತದೆ. ನೀರುನಾಯಿ ಗಡಿಯಾರ ನೋಡುವುದಿಲ್ಲ. ಹಾಡು ಬೇಕಿದ್ದರೆ ಕಮಲಾಪುರದ ಸೂರಿನಡಿ, ಬಾಯಿಂದಲೇ ಹಾಡಬಹುದು.

ಕೊನೆಗೆ, ಅತಿಥೇಯರು ಯಾರು ಎಂಬ ಪ್ರಶ್ನೆ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗದ್ದೆಯ ರೆಸಾರ್ಟುಗಳು ನೆಲಸಮವಾದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನದಿದಂಡೆಯ ರೆಸಾರ್ಟು ಬೇರೆ, ಇಡ್ಲಿ ಮಾರಿ ಬದುಕುವವಳ ಒಲೆ ಬೇರೆ. ಸ್ಮಾರಕ ಉಳಿಯಬೇಕಾದರೆ ಜನ ಹೋಗಬೇಕು ಎಂಬ ತರ್ಕವನ್ನು ಮಲೆನಾಡಿನವರು ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಬಹಳ ಕೇಳಿದ್ದಾರೆ. ಹಾಗಿರುವಾಗ ಹಂಪಿಗೆ ಹೋಗಿ, ತೆರವಾದ ಕುಟುಂಬಗಳವರನ್ನು ಒಮ್ಮೆಯೂ ಮಾತನಾಡಿಸದೆ ಹಿಂದಿರುಗಿದರೆ ಅಂಥ ಸಭೆಗೆ ಯಾವ ಅರ್ಥ? ಅವರಲ್ಲಿ ಇಬ್ಬರು, ಕಾಲುವೆಯ ಅಚ್ಚುಕಟ್ಟಿನ ರೈತರಲ್ಲಿ ಇಬ್ಬರು, ಆನೆಗೊಂದಿಯ ಕಡೆಯವರು ಒಬ್ಬರು ಪೂರ್ವಭಾವಿ ಸಭೆಯಲ್ಲೇ ಇರಬೇಕು, ಸಮಾರೋಪದ ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳಲು ಅಲ್ಲ. ದಿನಾಂಕ ಬೇಡವೆನ್ನುವ ಹಕ್ಕೂ ಅವರಿಗಿರಬೇಕು. ನದಿಯ ಈ ದಡ ವಿಜಯನಗರ ಜಿಲ್ಲೆ, ಆ ದಡ ಕೊಪ್ಪಳ. ಅನುಮತಿಯ ಅರ್ಜಿಗಳು ಎರಡೂ ಕಡೆ ಸಲ್ಲಬೇಕಾದೀತು, ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನೂ ವಿಚಾರಿಸಬೇಕು. ಅದಕ್ಕೆ ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳುವುದು ವಾಸಿ.

ಇದೇ ಲೆಕ್ಕ ಕವಲೇದುರ್ಗಕ್ಕೂ ಇಕ್ಕೇರಿಗೂ ಬನವಾಸಿಗೂ ಅನ್ವಯಿಸುತ್ತದೆ. ಅಲ್ಲಿ ಮಲೆನಾಡಿನವರೇ ಅತಿಥೇಯರು, ಬೆಳೆಯ ಪಂಚಾಂಗವೂ ಅವರದೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಹೊರಡುವ ಮುನ್ನ ನಡಾವಳಿ ಪುಸ್ತಕದಲ್ಲಿ ಸ್ವಾಗತ, ನಿರೂಪಣೆ, ವಂದನಾರ್ಪಣೆಯ ಹೆಸರುಗಳನ್ನು ಬರೆಯುವುದು ರೂಢಿ. ಅದರ ಕೆಳಗೆ ಇನ್ನೂ ಮೂರು ಸಾಲು ಬರೆದಿಡಬೇಕು: ನೀರಿನ ಕ್ಯಾನುಗಳನ್ನು ಹಿಂದಿರುಗಿಸುವವರು ಯಾರು, ಗುಂಡಿ ಮುಚ್ಚುವವರೆಗೆ ನಿಲ್ಲುವವರು ಯಾರು, ಕೊಳೆಯದ ಕಸದ ಚೀಲಗಳನ್ನು ಹೊಸಪೇಟೆಯವರೆಗೆ ಹೊತ್ತು ತಂದು ನಗರಸಭೆಯ ಗಾಡಿಗೆ ಒಪ್ಪಿಸುವವರು ಯಾರು. ಆ ಮೂವರ ರೈಲು ಮರುದಿನದ್ದಿರಲಿ.